ಟ್ರಯಲ್ ಲೆಕ್ಕಕ್ಕಿಲ್ಲ

ನಮ್ಮ ಮನೆಯ ಗರಾಜಿನಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಇದೆ. ಹೋದ ಶನಿವಾರ ಸೈಕಲ್ ಪಂಪು ಹುಡುಕುತ್ತ ಸೋನಾ ಮಸೂರಿ ಮೂಟೆಯನ್ನು ಪಕ್ಕಕ್ಕೆ ಎಳೆದಾಗ ಅದರ ಹಿಂದಿನಿಂದ ಒಂದು ಫುಟ್‌ಬಾಲ್ ಉರುಳಿ ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು. ದುಂಡಗಿನದಲ್ಲ, ಅಮೆರಿಕದ್ದು, ಎರಡೂ ತುದಿ ಚೂಪಾದದ್ದು. ಅರ್ಧ ಗಾಳಿ ಹೋಗಿ ಸುಕ್ಕುಗಟ್ಟಿತ್ತು. ನನ್ನ ಹೆಂಡತಿ ವಸುಧಾ ಬಾಗಿಲಲ್ಲೇ ನಿಂತು, “ಅದನ್ನ ಇನ್ನೂ ಇಟ್ಕೊಂಡಿದೀರಾ? ಟ್ರ್ಯಾಶ್‌ಗೆ ಹಾಕ್ಬಾರ್ದಾ?” ಎಂದಳು.

ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದು ಹೇಳಬೇಕಾದರೆ, ನಾನು ಐದು ವರ್ಷ ಕ್ವಾರ್ಟರ್‌ಬ್ಯಾಕ್ ಆಗಿದ್ದೆ ಎಂಬ ಸಂಗತಿಯನ್ನು ಮೊದಲು ನಿಮಗೆ ತಿಳಿಸಬೇಕಾಗುತ್ತದೆ. ನಗಬೇಡಿ. ನನ್ನ ಹೊಟ್ಟೆ ನೋಡಿ ನಗುವವರು ಅಮೆರಿಕದ ಈ ಸ್ಟರ್ಲಿಂಗ್ ಊರಿನಲ್ಲೇ ಬೇಕಾದಷ್ಟು ಜನ ಇದ್ದಾರೆ, ನೀವೂ ಸೇರಿಕೊಳ್ಳಬೇಕಾಗಿಲ್ಲ.

ಈ ಆಟದಲ್ಲಿ ಕಾಲಿಗೆ ಓಡುವ ಕೆಲಸ ಬಿಟ್ಟರೆ ಹೆಚ್ಚೇನಿಲ್ಲ. ಚೆಂಡಿನ ವ್ಯವಹಾರವೆಲ್ಲ ಕೈಯಲ್ಲೇ. ಆದರೂ ಇದನ್ನು ಫುಟ್‌ಬಾಲ್ ಎನ್ನುತ್ತಾರೆ. ಯಾಕೆ ಎಂದು ಇಪ್ಪತ್ತಮೂರು ವರ್ಷದಲ್ಲಿ ನಾನು ಯಾರನ್ನೂ ಕೇಳಿಲ್ಲ; ವೀಸಾದಲ್ಲಿದ್ದ ಕಾಲದಲ್ಲಿ ಪ್ರಶ್ನೆ ಕೇಳದೆ ಇರುವ ಅಭ್ಯಾಸ ಬೆಳೆದುಬಿಟ್ಟಿತು. ಕ್ವಾರ್ಟರ್‌ಬ್ಯಾಕ್ ಎಂದರೆ ಮದುವೆ ಮನೆಯಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತು “ಪಲ್ಯ ಆ ಸಾಲಿಗೆ, ಸಾರು ಈ ಸಾಲಿಗೆ” ಎಂದು ಕೂಗುವ ಮನುಷ್ಯ ಇರುತ್ತಾನಲ್ಲ, ಅವನು. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಮುಂದೆ ಓಡುತ್ತಿರುವ ತನ್ನ ಕಡೆಯವರಲ್ಲಿ ಯಾರಿಗೆ ಎಸೆಯಬೇಕೆಂದು ಅವನೇ ತೀರ್ಮಾನಿಸಿ ಎಸೆಯುತ್ತಾನೆ. ಅವರು ಹಿಡಿದರೆ ಅವನ ಲೆಕ್ಕದಲ್ಲಿ ಒಂದು ಒಳ್ಳೆಯ ಎಸೆತ. ನೆಲಕ್ಕೆ ಬಿದ್ದರೆ ಒಂದು ದಂಡ. ನೂರು ಎಸೆದದ್ದರಲ್ಲಿ ಎಷ್ಟನ್ನು ಹಿಡಿದರು ಎಂಬುದರ ಮೇಲೆ ಅವನ ಮಾನ ಮರ್ಯಾದೆ ನಿಂತಿರುತ್ತದೆ.

ಟಿವಿಯಲ್ಲಿ ಪ್ರತಿ ವರ್ಷ ಇದೇ ಗಲಾಟೆ. ಯಾವನೋ ಒಬ್ಬ ಕ್ವಾರ್ಟರ್‌ಬ್ಯಾಕ್‌ಗೆ ನಲವತ್ತು ಹತ್ತಿರ ಬಂದಿರುತ್ತದೆ, ಅಥವಾ ದಾಟಿರುತ್ತದೆ. ಕೋಟು ಹಾಕಿದ ನಾಲ್ಕು ಜನ ಮೇಜಿನ ಸುತ್ತ ಕೂತು, ಇವನು ವಯಸ್ಸಾದ ಹಾಗೆ ಸುಧಾರಿಸುತ್ತಿದ್ದಾನೋ, ಹಾಳಾಗುತ್ತಿದ್ದಾನೋ ಎಂದು ಅಂಕಿ ಅಂಶ ತೋರಿಸಿ ಕಿತ್ತಾಡುತ್ತಾರೆ. ಒಬ್ಬ ಅನುಭವ ಅನ್ನುತ್ತಾನೆ, ಇನ್ನೊಬ್ಬ ಮಂಡಿ ಅನ್ನುತ್ತಾನೆ. ಅವರು ಯಾರ ಬಗ್ಗೆ ಮಾತಾಡುತ್ತಿದ್ದರೂ ನಾನು ಅದನ್ನು ನನ್ನ ಬಗ್ಗೆ ಎಂದೇ ತಿಳಿದು ನೋಡುತ್ತಿದ್ದೆ. ಅನುಭವ ಅಂದವನಿಗೆ ಸೋಫಾದಿಂದಲೇ ತಲೆಯಾಡಿಸುತ್ತಿದ್ದೆ. ಮಂಡಿ ಅಂದವನ ಮಾತು ಬಂದಾಗ ಕಾಫಿಗೆ ಏಳುತ್ತಿದ್ದೆ, ಏಳುವಾಗ ಮಂಡಿ ಲಟಕ್ ಅನ್ನುತ್ತಿತ್ತು.

ಶುರುವಾದದ್ದು ಎರಡು ಸಾವಿರದ ಇಪ್ಪತ್ತರಲ್ಲಿ, ಕೋವಿಡ್ ವರ್ಷ. ಯಾರೂ ಯಾರ ಮನೆಯೊಳಕ್ಕೂ ಕಾಲಿಡುವಂತಿರಲಿಲ್ಲ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಬೆಳಿಗ್ಗೆ ನಮ್ಮ ಎಂಟು ಕನ್ನಡ ಕುಟುಂಬಗಳು ಶಾಲೆಯೊಂದರ ಹಿಂದಿನ ಮೈದಾನದಲ್ಲಿ ಆರಾರು ಅಡಿ ದೂರ ಕುರ್ಚಿ ಹಾಕಿಕೊಂಡು, ಮಾಸ್ಕಿನೊಳಗಿಂದ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದೆವು. ಹೀಗೆ ಎಷ್ಟು ಹೊತ್ತು ಕೂರಲಾದೀತು? ಯಾರದೋ ಕಾರಿನಲ್ಲಿ ಈ ಚೆಂಡಿತ್ತು. ಒಬ್ಬರನ್ನೊಬ್ಬರು ಮುಟ್ಟದೆ ಆಡುವ ರೀತಿಯೊಂದಿದೆ. ಸೊಂಟಕ್ಕೆ ಬಟ್ಟೆಯ ಬಾವುಟ ಸಿಕ್ಕಿಸಿಕೊಂಡು ಓಡಬೇಕು, ಎದುರಿನವರು ಅದನ್ನು ಕಿತ್ತುಕೊಂಡರೆ ಅಲ್ಲಿಗೆ ನಿಲ್ಲಬೇಕು. ವಸುಧಾ ಮಾಸ್ಕ್ ಹೊಲಿಯಲು ಇಟ್ಟುಕೊಂಡಿದ್ದ ಹಳೇ ಸೀರೆಯನ್ನು ಪರಪರ ಹರಿದು ಬಾವುಟ ಮಾಡಿಕೊಟ್ಟಳು. ಮೈಸೂರು, ಬೆಂಗಳೂರು ಕಡೆಯವರು ಮುದ್ದೆ ಟೀಮು. ಹುಬ್ಬಳ್ಳಿ, ಧಾರವಾಡ, ಬಿಜಾಪುರದವರು ರೊಟ್ಟಿ ಟೀಮು. ಸೋತವರು ಎಲ್ಲರ ಪಾತ್ರೆ ತೊಳೆಯಬೇಕು. ಸೀರೆ ಅಂಚನ್ನು ಸೊಂಟಕ್ಕೆ ಕಟ್ಟಿಕೊಂಡು ಹದಿನಾಲ್ಕು ಜನ ಓಡುವುದನ್ನು ನಾಯಿ ತಿರುಗಾಡಿಸಲು ಬಂದಿದ್ದ ಅಮೆರಿಕನ್ ಅಜ್ಜಿಯೊಬ್ಬರು ನಿಂತು ಪೂರ್ತಿ ನೋಡಿದರು.

ನಮ್ಮ ಮುದ್ದೆ ಟೀಮಿನಲ್ಲಿ ಯಾರು ಎಸೆಯುವುದು ಎಂಬ ಪ್ರಶ್ನೆ ಬಂದಾಗ ನಾನು ಹಿಂದುಮುಂದು ನೋಡದೆ ಕೈ ಎತ್ತಿದೆ. ಆಗ ನನಗೆ ನಲವತ್ತಾರು. ಆ ಆತ್ಮವಿಶ್ವಾಸ ನನಗೆ ಎಲ್ಲಿಂದ ಬಂತು ಎಂದರೆ, ತೆಂಗಿನಕಾಯಿಯಿಂದ.

ನಮ್ಮಪ್ಪ ಮೈಸೂರಿನ ಒಂದು ಮದುವೆ ಛತ್ರದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಲಗ್ನದ ಕಾಲದಲ್ಲಿ ತಾಂಬೂಲಕ್ಕೆಂದು ತೆಂಗಿನಕಾಯಿ ಮೆಟಡಾರ್ ವ್ಯಾನಿನಲ್ಲಿ ಬಂದು ಬೀಳುತ್ತಿತ್ತು. ಬೀಳುತ್ತಿತ್ತು ಎಂದದ್ದು ಮಾತಿಗೆ, ಒಂದೂ ಬೀಳುವಂತಿರಲಿಲ್ಲ. ಬಿರುಕು ಬಿಟ್ಟ ಕಾಯನ್ನು ತಾಂಬೂಲಕ್ಕೆ ಕೊಟ್ಟರೆ ಬೀಗರು ಸುಮ್ಮನಿರುತ್ತಾರೆಯೇ? ನಾನು ವ್ಯಾನಿನ ಮೇಲೆ ನಿಂತು ಒಂದೊಂದೇ ಕಾಯಿಯ ಜುಟ್ಟು ಹಿಡಿದು ಎಸೆಯಬೇಕು, ಅಪ್ಪ ಉಗ್ರಾಣದ ಬಾಗಿಲಲ್ಲಿ ನಿಂತು ಹಿಡಿಯಬೇಕು. ಪಂಚೆ ಎತ್ತಿ ಕಟ್ಟಿ, ಬನಿಯನ್ನಿನಲ್ಲಿ ನಿಂತಿರುತ್ತಿದ್ದರು. “ಲಾಭ, ಎರಡು, ಮೂರು” ಎಂದು ಎಣಿಸುತ್ತ ಹಿಡಿದದ್ದನ್ನು ಹಿಂದಕ್ಕೆ ರಾಶಿ ಹಾಕುವರು. ಎಡಕ್ಕೆ ಹೋದರೆ ಎಡಕ್ಕೆ ವಾಲುವರು, ಗಿಡ್ಡ ಬಂದರೆ ಮುಂದೆ ಬಂದು ಬಗ್ಗುವರು, ತಲೆಯ ಮೇಲೆ ಹೋದರೆ ಎಗರುವರು. ಕೈಯನ್ನು ಕಾಯಿಯ ಜೊತೆಗೇ ಹಿಂದಕ್ಕೆ ಬಿಟ್ಟು ಎದೆಗೆ ತಂದುಕೊಳ್ಳುವರು. ವ್ಯಾನು ಖಾಲಿಯಾದ ಮೇಲೆ ಅಡುಗೆ ಭಟ್ಟರಿಗೆ, ಎಲೆ ತಂದವನಿಗೆ, ಓಲಗದವರಿಗೆ, ಯಾರು ಸಿಕ್ಕಿದರೆ ಅವರಿಗೆ ಹೇಳುವರು: “ಅಷ್ಟೂ ಕಾಯಿ ಎಸ್ದ ನೋಡಿ ನಮ್ ಸೂರಿ, ಒಂದೂ ಬೀಳಿಸ್ಲಿಲ್ಲ!” ನಾನು ಎದೆಯುಬ್ಬಿಸಿ ನಿಲ್ಲುತ್ತಿದ್ದೆ. ಭಟ್ಟರು ಒಂದು ಚಿರೋಟಿ ಕೊಡುತ್ತಿದ್ದರು. ಹನ್ನೆರಡನೆಯ ವಯಸ್ಸಿಗೇ ನಾನು ಒಂದೂ ಬೀಳಿಸದ ಎಸೆತಗಾರ ಎಂದು ಪ್ರಸಿದ್ಧನಾಗಿದ್ದೆ. ಇಂಥ ಹಿನ್ನೆಲೆಯವನು ಸ್ಟರ್ಲಿಂಗ್‌ನಲ್ಲಿ ಕೈ ಎತ್ತದೆ ಇರುತ್ತಾನೆಯೇ?

ಈಗ ಲೆಕ್ಕದ ವಿಷಯಕ್ಕೆ ಬರಬೇಕು. ನಮ್ಮದು ಸುಮ್ಮನೆ ಆಡಿ ಮನೆಗೆ ಹೋಗುವ ಜಾತಿಯಲ್ಲ. ಎಂಟು ಮನೆಯಲ್ಲಿ ಆರು ಮನೆಯವರು ಡೇಟಾ ಸೆಂಟರು, ಡೇಟಾಬೇಸು, ಡೇಟಾ ಇನ್ನೊಂದು. ನಾನಂತೂ ಕಂಪನಿಯ ದೊಡ್ಡವರಿಗೆ ಅಂಕಿ ಅಂಶವನ್ನು ಗೆರೆ ಚಿತ್ರವಾಗಿಸಿ ಡ್ಯಾಶ್‌ಬೋರ್ಡ್ ಮಾಡಿಕೊಡುವವನು. ಎಂಥ ನಷ್ಟವನ್ನೂ ಹಸಿರು ಬಣ್ಣದ ಗೆರೆಯಲ್ಲಿ ತೋರಿಸಬಲ್ಲೆ. ಬರೆದುಕೊಳ್ಳುವ ಕೆಲಸ ಗುರುರಾಜ ಕುಲಕರ್ಣಿಯದು. ಧಾರವಾಡದವನು, ಸೇತುವೆ ಕಟ್ಟುವ ಎಂಜಿನಿಯರ್. ರೊಟ್ಟಿ ಟೀಮಿನವನೇ, ಆದರೆ ಮೊದಲ ವರ್ಷದ ಮೊದಲ ಐದು ನಿಮಿಷದಲ್ಲೇ ಮಂಡಿ ತಿರುಚಿಕೊಂಡು ಕುರ್ಚಿ ಹಿಡಿದ. ಅಂದಿನಿಂದ ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ ಎರಡೂ ಕಡೆಯ ಪ್ರತಿ ಎಸೆತವನ್ನೂ ಬರೆಯುತ್ತ ಬಂದಿದ್ದಾನೆ: ಎಸೆದವರು ಯಾರು, ಯಾರಿಗೆ ಎಸೆದರು, ಹಿಡಿದರೋ ಬಿತ್ತೋ. ಅವನ ಬರವಣಿಗೆಯ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ.

ಆ ಪುಸ್ತಕದಲ್ಲಿ ಇನ್ನೊಂದು ಅಕ್ಷರವಿತ್ತು. ‘ಟ್ರ’. ಟ್ರಯಲ್.

ಗಲ್ಲಿ ಕ್ರಿಕೆಟ್ ಆಡಿದವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಮೊದಲನೇ ಬಾಲ್ ಟ್ರಯಲ್. ಔಟಾದರೂ ಔಟಲ್ಲ, ಲೆಕ್ಕಕ್ಕಿಲ್ಲ. ಪ್ರಪಂಚದಲ್ಲಿ ಬೇರೆಲ್ಲಾದರೂ ಇಷ್ಟು ಕರುಣೆಯ ಕಾನೂನು ಇದೆಯೋ ನಾನು ಕಾಣೆ. ಫುಟ್‌ಬಾಲಿಗೆ ಇದನ್ನು ಯಾರು ತಂದರು ಎಂದು ಈಗ ಯಾರಿಗೂ ನೆನಪಿಲ್ಲವಂತೆ. ನನಗೆ ನೆನಪಿದೆ, ನಾನೇ. ಮೊದಲ ವರ್ಷ ನನ್ನ ಮೊದಲ ಎಸೆತ ಯಾರದೋ ಉಪ್ಪಿಟ್ಟಿನ ಡಬ್ಬಿಗೆ ಹೋಗಿ ಬಿದ್ದಾಗ ನನ್ನ ಬಾಯಿಂದ ತಾನಾಗಿ “ಟ್ರಯಲ್ ಟ್ರಯಲ್!” ಎಂದು ಬಂತು. ಹದಿನಾಲ್ಕು ಜನರಲ್ಲಿ ಒಬ್ಬರಾದರೂ ಆಕ್ಷೇಪಣೆ ಮಾಡಿದರೆ ಕೇಳಿ! ರೊಟ್ಟಿ ಟೀಮಿನವರು ಕೂಡ “ಹೌದಲ್ಲ, ಟ್ರಯಲ್” ಎಂದು ಚೆಂಡು ವಾಪಸು ಕೊಟ್ಟರು. ಕುಲಕರ್ಣಿ ‘ಟ್ರ’ ಎಂದು ಬರೆದುಕೊಂಡ.

ಅದು ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಎರಡನೇ ವರ್ಷ ನೀರು ಕುಡಿದು ಬಂದ ಮೇಲೂ ಒಂದು ಟ್ರಯಲ್ ಎಂದಾಯಿತು, ಕೈ ಆರಿರುತ್ತದಲ್ಲ. ಆಮೇಲೆ ಕನ್ನಡಕ ಒರೆಸಿಕೊಂಡ ಮೇಲೆ ಒಂದು, ಮಂಡಿಯ ಪಟ್ಟಿ ಬಿಗಿದುಕೊಂಡ ಮೇಲೆ ಒಂದು, ಊರಿನಿಂದ ಬಂದ ಫೋನ್ ಮಾತಾಡಿ ಬಂದ ಮೇಲೆ ಒಂದು. ಇದರಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ಟ್ರಯಲ್ ಎಸೆತವನ್ನು ಯಾರಾದರೂ ಹಿಡಿದುಬಿಟ್ಟರೆ ಅದು ಟ್ರಯಲ್ ಅಲ್ಲ, ಲೆಕ್ಕಕ್ಕೆ ಸೇರುತ್ತದೆ. ಬಿದ್ದರೆ ಮಾತ್ರ ಟ್ರಯಲ್. ಇದನ್ನು ಹದಿನಾಲ್ಕು ಜನ ಎಂಜಿನಿಯರುಗಳು, ಡಾಕ್ಟರುಗಳು ಐದು ವರ್ಷ ಗಂಭೀರವಾಗಿ ಪಾಲಿಸಿದೆವು.

ಹೀಗಾಗಿ ನನ್ನ ಅಂಕಿ ಅಂಶ ಏರುತ್ತ ಹೋಯಿತು. ಮೊದಲ ವರ್ಷ ನೂರಕ್ಕೆ ನಲವತ್ತೊಂದು. ಐದನೇ ವರ್ಷದ ಹೊತ್ತಿಗೆ ಎಪ್ಪತ್ತೆರಡು. ನಡುವೆ ಒಂದು ವರ್ಷ ಮಾತ್ರ ಧೊಪ್ಪೆಂದು ಕೆಳಗಿಳಿದಿತ್ತು. ಆ ವರ್ಷ ವಸುಧಾ ಮತ್ತು ನಮ್ಮ ಮಗಳು ನಿಧಿ ದೂರದ ಅಲ್ಫರೆಟಾ ಊರಿನಲ್ಲಿರುವ ನಾದಿನಿಯ ಸೀಮಂತಕ್ಕೆ ಹೋಗಿದ್ದರು; ನಾನು ಆಫೀಸಿನಲ್ಲಿ ಆನ್‌ಕಾಲ್ ಡ್ಯೂಟಿ ಇದೆ ಎಂದು ಸುಳ್ಳು ಹೇಳಿ ಆಟಕ್ಕೆಂದೇ ಉಳಿದುಕೊಂಡಿದ್ದೆ. ಅಂದು ಸೋತದ್ದಕ್ಕೆ ಗಾಳಿ ಕಾರಣ ಎಂದೆ. ಆಮೇಲೆ ಹೊಸ ಕನ್ನಡಕ ಎಂದೆ. ಉಳಿದಂತೆ ಗೆರೆ ಮೇಲಕ್ಕೇ. ಹಸಿರು ಬಣ್ಣ.

ಹೋದ ವರ್ಷ ಅಕ್ಟೋಬರಿನಲ್ಲಿ ನಮ್ಮ ಟೀಮಿನ ಪ್ರಶಾಂತ ವಾಟ್ಸಪ್ ಗುಂಪಿನಲ್ಲಿ ಒಂದು ಮೆಸೇಜು ಹಾಕಿದ. “ಸೂರಿ ಸಾರ್, ಈ ಸಲ ನಿಧಿ ಥ್ರೋ ಮಾಡ್ಲಿ. ನೀವು ರೆಸ್ಟ್ ತಗೊಳಿ.” ರೆಸ್ಟ್! ನನಗೆ ಮೈಯೆಲ್ಲ ಉರಿದುಹೋಯಿತು. ನಿಧಿ ಹದಿಮೂರು ವರ್ಷದವಳಿದ್ದಾಗಿನಿಂದ ನಮ್ಮ ಟೀಮಿನಲ್ಲಿ ಓಡಿ ಚೆಂಡು ಹಿಡಿಯುತ್ತಿದ್ದಾಳೆ. ಚೆನ್ನಾಗಿಯೇ ಹಿಡಿಯುತ್ತಾಳೆ, ಇಲ್ಲವೆಂದವರು ಯಾರು? ಆದರೆ ಹಿಡಿಯುವುದು ಬೇರೆ, ಎಸೆಯುವುದು ಬೇರೆ. ಆ ವಾರವೇ ಅವಳು ಡರ್ಹಮ್‌ನಿಂದ ಫೋನ್ ಮಾಡಿದಳು. ಅಲ್ಲಿ ಕಾಲೇಜು ಸೇರಿ ಎರಡು ತಿಂಗಳಾಗಿತ್ತಷ್ಟೆ.

“ಅಪ್ಪಾ, ಕ್ಯಾನ್ ಐ ಥ್ರೋ ದಿಸ್ ಇಯರ್? ಐ ರಿಯಲಿ ವಾಂಟ್ ಟು.”

“ನೋಡೋಣ” ಎಂದೆ. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಏನೆಂದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. “ಓಕೆ” ಎಂದು ಬೇರೆ ಮಾತು ತೆಗೆದಳು. ಅವಳ ಆಸೆಯನ್ನು ನಾನು ಆ ಕ್ಷಣದಲ್ಲೇ ಕೇಳಿಸಿಕೊಂಡೆ, ಕೇಳಿಸಲಿಲ್ಲವೆಂದು ಈಗ ಬೊಗಳೆ ಬಿಡುವುದಿಲ್ಲ. ನನ್ನ ಜಾಗ ಹೋಗುತ್ತದೆ ಎಂಬ ಭಯಕ್ಕೆ ಕಿವಿ ಮುಚ್ಚಿಕೊಂಡೆ. ಐವತ್ತೊಂದು ವರ್ಷದ ಗಂಡಸಿಗೆ ಆಫೀಸಿನಲ್ಲಿ ಇನ್ನೇನು ಜಾಗ ಉಳಿದಿರುತ್ತದೆ ಹೇಳಿ? ವರ್ಷಕ್ಕೊಂದು ದಿನ ಹದಿಮೂರು ಜನ ನನ್ನ ಕೈಯನ್ನೇ ನೋಡುತ್ತಿದ್ದರು.

ವಾಟ್ಸಪ್ಪಿನಲ್ಲಿ ಧಿಮಾಕಿನಿಂದ ಬರೆದೆ: “ಅಂಕಿ ಅಂಶ ಮಾತಾಡಲಿ. ವಯಸ್ಸಾದ ಹಾಗೆ ನಾನು ಇಂಪ್ರೂವ್ ಆಗಿಲ್ಲ ಅಂತ ಯಾರಾದರೂ ಪ್ರೂವ್ ಮಾಡಿದರೆ ಅವತ್ತೇ ಚೆಂಡು ಕೊಟ್ಟುಬಿಡುತ್ತೇನೆ. ಡ್ಯಾಶ್‌ಬೋರ್ಡ್ ಹಾಕುತ್ತೇನೆ, ನೋಡಿ.” ಕುಲಕರ್ಣಿ ತನ್ನ ಪುಸ್ತಕದ ಪುಟಗಳನ್ನೆಲ್ಲ ಫೋಟೋ ತೆಗೆದು ಕಳಿಸಿದ. ಕೆಳಗೆ, “ತಗೋ ತಮ್ಮಾ, ಏನ್ ಬೇಕಾದ್ರೂ ಮಾಡ್ಕೋ” ಎಂದು ಬರೆದಿದ್ದ.

ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಬುಧವಾರ ಮಧ್ಯಾಹ್ನ ನಿಧಿ ಬಂದಳು. ಕಾರಿಳಿದು ಬಂದವಳು ನನ್ನ ಪಕ್ಕ ನಿಂತಾಗ ನನಗಿಂತ ಒಂದಿಂಚು ಎತ್ತರ ಕಂಡಳು. ಗರಾಜಿನ ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ಥ್ಯಾಂಕ್ಸ್‌ಗಿವಿಂಗ್‌ಗೆ ಅವಳ ಎತ್ತರವನ್ನು ಪೆನ್ಸಿಲಿನಲ್ಲಿ ಗುರುತು ಮಾಡುವುದು ವಸುಧಾಳ ಪದ್ಧತಿ. ಆ ವರ್ಷದ ಗೆರೆಗೆ ಸ್ಟೂಲು ಬೇಕಾಯಿತು. ಪುಳಿಯೋಗರೆ ತಿಂದು, ಕೈ ತೊಳೆದು ಬಂದು ಅವಳು ಸೋಫಾದಲ್ಲಿ ಕೂತಾಗ ನಾನು ಲ್ಯಾಪ್‌ಟಾಪ್ ಅವಳ ಮುಂದಿಟ್ಟೆ. ಕಾಲೇಜಿನಲ್ಲಿ ಅವಳು ಸ್ಟ್ಯಾಟಿಸ್ಟಿಕ್ಸ್ ಓದಲು ಶುರುಮಾಡಿದ್ದಳು. ಅವಳ ಬಾಯಿಂದಲೇ ಭೇಷ್ ಎನ್ನಿಸಿಕೊಳ್ಳಬೇಕೆಂದು ನನ್ನ ಚಪಲ.

ನೋಡಿದಳು. ಹಸಿರು ಗೆರೆಯನ್ನು ನೋಡಿ “ನೈಸ್” ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿ ಕುಲಕರ್ಣಿಯ ಪುಟಗಳನ್ನು ದೊಡ್ಡದು ಮಾಡಿ ನೋಡಿದಳು.

“ಅಪ್ಪಾ, ವಾಟ್ ಈಸ್ ‘ಟ್ರ’?”

“ಟ್ರಯಲ್. ಅದು ಲೆಕ್ಕಕ್ಕಿಲ್ಲ.”

“ಫಸ್ಟ್ ಇಯರ್ ಒಂದಿದೆ. ಲಾಸ್ಟ್ ಇಯರ್ ಹನ್ನೊಂದಿದೆ.”

“ಹೂಂ, ಬ್ರೇಕ್ ಜಾಸ್ತಿ ತಗೊಂಡ್ವಿ.”

ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಅವಳು ಟ್ರಯಲ್‌ಗಳನ್ನೆಲ್ಲ ಎತ್ತಿ ಲೆಕ್ಕಕ್ಕೆ ಸೇರಿಸಿದಳು. ಹಸಿರು ಗೆರೆ ಬೆನ್ನು ಬಾಗಿಸಿತು. ಆದರೂ ಏರುತ್ತಿತ್ತು, ಸ್ವಲ್ಪ ಏರುತ್ತಿತ್ತು! “ನೋಡ್ದಾ? ಟ್ರಯಲ್ ಸೇರ್ಸಿದ್ರೂ ಇಂಪ್ರೂವ್‌ಮೆಂಟ್ ಇದೆ” ಎಂದು ನಾನು ಕೂತಲ್ಲೇ ಕುಣಿದೆ. ಅಡುಗೆಮನೆಯಿಂದ ವಸುಧಾ, “ರೀ, ಮಂಡಿ ಜೋಪಾನ” ಎಂದಳು.

ನಿಧಿ ಇನ್ನೊಂದು ಕಾಲಮ್ ಹಿಡಿದಳು. ಯಾರಿಗೆ ಎಸೆದದ್ದು ಎಂಬುದು. ಅದರಲ್ಲಿ ‘ನಿ’ ಎಂದಿದ್ದ ಸಾಲುಗಳನ್ನೆಲ್ಲ ಬೇರೆ ಮಾಡಿದಳು. ಗೆರೆ ಎರಡಾಯಿತು. ಅವಳಿಗೆ ಎಸೆದವುಗಳ ಗೆರೆ ಮೇಲೆ ಮೇಲೆ ಹೋಗುತ್ತಿತ್ತು. ಮಿಕ್ಕವರಿಗೆ ಎಸೆದವುಗಳ ಗೆರೆ ಮೊದಲ ವರ್ಷ ಇದ್ದ ಜಾಗಕ್ಕಿಂತ ಕೆಳಗೆ ಬಂದು ಮಲಗಿತ್ತು. ನಡುವೆ ಧೊಪ್ಪೆಂದು ಬಿದ್ದ ವರ್ಷ ಅವಳು ಅಲ್ಫರೆಟಾದಲ್ಲಿದ್ದಳು; ಕಾರಣ ಗಾಳಿಯೂ ಅಲ್ಲ, ಕನ್ನಡಕವೂ ಅಲ್ಲ.

“ಅಪ್ಪಾ,” ಎಂದಳು ಮೆಲ್ಲಗೆ, “ಈ ಗ್ರಾಫ್ ನಿನ್ನ ಏಜ್‌ದಲ್ಲ. ಇಟ್ಸ್ ಮೈ ಹೈಟ್.”

ನಾನು ಎರಡೂ ಗೆರೆಗಳನ್ನು ಬೆರಳಿಟ್ಟು ನೋಡಿದೆ. ಅವಳಿಗೇ ಮುಜುಗರವಾಯಿತೇನೋ, “ಇದನ್ನ ನಾನು ಗ್ರೂಪ್‌ಗೆ ಹಾಕಲ್ಲ. ನೀನು ಯಾವುದು ಬೇಕೋ ಅದು ಹಾಕು” ಎಂದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, ಬಟ್ಟೆ ವಾಷಿಂಗ್ ಮೆಷಿನ್ನಿಗೆ ಹಾಕಲು ಎದ್ದು ಹೋದಳು.

ಆಗಲಾದರೂ ನಾನು ದೊಡ್ಡ ಮನಸ್ಸು ಮಾಡಿದೆ ಎಂದುಕೊಂಡಿರಾ? ಇಲ್ಲ. ಯಾವುದನ್ನೂ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಮೈದಾನಕ್ಕೆ ಹೋಗಿ, ಎಲ್ಲರೂ ಡ್ಯಾಶ್‌ಬೋರ್ಡ್ ಎಲ್ಲಿ ಎಂದು ಕೇಳಿದಾಗ, ಬಲಗೈಯಿಂದ ಎಡಭುಜವನ್ನೋ ಎಡಗೈಯಿಂದ ಬಲಭುಜವನ್ನೋ ಹಿಡಿದುಕೊಂಡು, “ಯಾಕೋ ಭುಜ ಹಿಡ್ಕೊಂಡಿದೆ ಕಣ್ರೋ. ಈ ಒಂದು ಸಲ ನಿಧಿ ಎಸೀಲಿ” ಎಂದೆ. ಹಸಿ ಸುಳ್ಳು. ಕುಲಕರ್ಣಿ ಕುರ್ಚಿಯಿಂದಲೇ, “ಎಡಗಡೆ ಭುಜ ಏನು? ನೀ ಬಲಗೈಲೆ ಒಗೀತಿದ್ದಿ ಅಲ್ಲೋ?” ಎಂದ. ಎಲ್ಲರೂ ಹೋ ಎಂದು ನಕ್ಕರು. ನಿಧಿ ನಗಲಿಲ್ಲ. ಚೆಂಡನ್ನು ನನ್ನ ಕೈಯಿಂದ ತೆಗೆದುಕೊಂಡು, “ಥ್ಯಾಂಕ್ಸ್ ಅಪ್ಪಾ” ಎಂದಳು. ಚೆಂಡಿನ ಹೊಲಿಗೆಯ ಮೇಲೆ ಬೆರಳಿಟ್ಟು ಹಿಡಿತವನ್ನು ಎರಡೆರಡು ಸಲ ಸರಿಮಾಡಿಕೊಂಡಳು. ಇಷ್ಟು ದಿನ ಅವಳಿಗೆ ಇದು ಎಷ್ಟು ಬೇಕಾಗಿತ್ತು ಎಂದು ಅದನ್ನು ನೋಡಿದ ಮೇಲೆ ಗೊತ್ತಾಗಿ ನನಗೆ ನಾಚಿಕೆಯಾಯಿತು.

ಭುಜ ಹಿಡಿದುಕೊಂಡವನನ್ನು ಎಲ್ಲಿ ನಿಲ್ಲಿಸುವುದು? ಓಡಿ ಹಿಡಿಯುವ ಜಾಗದಲ್ಲಿ ನಿಲ್ಲಿಸಿದರು. ಐದು ವರ್ಷದಲ್ಲಿ ಆ ಕಡೆಯಿಂದ ನಾನು ಆಟವನ್ನು ನೋಡಿಯೇ ಇರಲಿಲ್ಲ. ನಿಧಿ ಹಿಂದಕ್ಕೆ ಎರಡು ಹೆಜ್ಜೆ ಇಟ್ಟಳು, ಅತ್ತ ನೋಡಿದಳು, ಇತ್ತ ನೋಡಿದಳು, ನನಗೆ ಎಸೆದಳು. ಮೊದಲ ಎಸೆತವನ್ನೇ ನನಗೆ. ಚೆಂಡು ಗಾಳಿಯಲ್ಲಿ ಗಿರ್ರನೆ ತಿರುಗುತ್ತ, ಒಂದಿಷ್ಟೂ ಅಳ್ಳಾಡದೆ, ನೇರವಾಗಿ ನನ್ನ ಎದೆಯ ಮುಂದಕ್ಕೆ ಬಂತು. ಅಂಥ ಎಸೆತ ನಾನು ಜನ್ಮದಲ್ಲಿ ಎಸೆದಿಲ್ಲ. ಆಹಾ ಎಂದು ನೋಡುತ್ತ ನಿಂತೆ, ಅದು ನನ್ನ ಎರಡೂ ಅಂಗೈಗೆ ಬಡಿದು ಕೆಳಗೆ ಬಿತ್ತು.

“ಟ್ರಯಲ್!” ಎಂದು ಕಿರುಚಿದೆ. “ಕುಲಕರ್ಣಿ, ಟ್ರಯಲ್ ಅದು!”

“ಟ್ರಯಲ್ ಟ್ರಯಲ್” ಎಂದರು ರೊಟ್ಟಿ ಟೀಮಿನವರು. ಪಾಪ, ಒಳ್ಳೆಯ ಜನ.

“ನೋ ಟ್ರಯಲ್, ಅಂಕಲ್,” ಎಂದಳು ನಿಧಿ. “ಬರ್ಕೊಳ್ಳಿ.”

ಕುಲಕರ್ಣಿ ನನ್ನ ಮುಖ ನೋಡಿ, ಅವಳ ಮುಖ ನೋಡಿ, ಪುಸ್ತಕಕ್ಕೆ ಬಗ್ಗಿದ. ನಿಧಿಯ ಹೆಸರಿನ ಮೊಟ್ಟಮೊದಲ ಎಸೆತ, ಅದರ ಮುಂದೆ ‘ಬಿತ್ತು’. ಹದಿನೆಂಟು ವರ್ಷದ ಹುಡುಗಿ ತುಟಿ ಬಿಗಿಹಿಡಿದು ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತಳು. ನನಗೆ ತಡೆಯಲಾಗಲಿಲ್ಲ. ಆಟ ನಡೆಯುತ್ತಿದ್ದಂತೆಯೇ ಮೈದಾನ ಬಿಟ್ಟು ಕುಲಕರ್ಣಿಯ ಕುರ್ಚಿಯ ಹತ್ತಿರ ಹೋದೆ.

“ರೀ, ಅದನ್ನ ಅವಳ ಲೆಕ್ಕಕ್ಕೆ ಹಾಕ್ಬೇಡಿ. ಬೀಳ್ಸಿದ್ದು ನಾನು.”

“ಒಗದವ್ರ ಲೆಕ್ಕಕ್ಕ ಬರೋದು ಅಲ್ಲೇನೋ? ಬೀಳ್ಸಿದವ್ರದು ಕಾಲಮ್ಮ ಇಲ್ಲಲ್ಲೋ ಮಾರಾಯಾ.”

“ಇಲ್ದಿದ್ರೆ ಮಾಡಿ. ಇನ್ನೊಂದು ವಿಷಯ, ನನ್ನ ಭುಜಕ್ಕೆ ಏನೂ ಆಗಿಲ್ಲ. ಐದು ವರ್ಷದಿಂದ ಇಂಪ್ರೂವ್ ಆಗಿರೋದು ಅವಳು. ನಾನಲ್ಲ. ಅದನ್ನೂ ಬರ್ಕೊಳ್ಳಿ.”

ಇಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ, ಕೂಗಿದ ಹಾಗೆ ಬಂತು. ಪ್ರಶಾಂತ ಸೊಂಟದ ಸೀರೆ ತುಂಡನ್ನು ಸರಿಮಾಡಿಕೊಳ್ಳುವವನಂತೆ ಬಗ್ಗಿಕೊಂಡ. ಕುಲಕರ್ಣಿ ಜೇಬಿನಿಂದ ಸಣ್ಣ ಸ್ಕೇಲು ತೆಗೆದು, ಪುಟದ ಬಲ ಅಂಚಿನಲ್ಲಿ ನೀಟಾಗಿ ಒಂದು ಗೆರೆ ಎಳೆದು, ಮೇಲೆ ‘ಬೀಳಿಸಿದವರು’ ಎಂದು ಬರೆದ. ಕೆಳಗೆ ನನ್ನ ಹೆಸರು. “ಆತೇನಪಾ? ಹೋಗಿನ್ನ, ನಿಂದರು ಹೋಗು. ಹುಡುಗಿ ಕಾಯಾಕತ್ತೈತಿ” ಎಂದ.

ಹೋಗಿ ನಿಂತೆ. ಅವಳು ಮತ್ತೆ ನನಗೇ ಎಸೆದಳು. ಈ ಸಲದ್ದು ಸ್ವಲ್ಪ ಎಡಕ್ಕೆ ಬಂತು, ಅವಳ ಕಣ್ಣು ಒದ್ದೆಯಾಗಿತ್ತೋ ಏನೋ. ಆಗ ನನ್ನ ಮೈಗೆ ನೆನಪಾಯಿತು. ಎಡಕ್ಕೆ ಬಂದರೆ ಎಡಕ್ಕೆ ವಾಲಬೇಕು. ಕೈಯನ್ನು ಅದರ ಜೊತೆಗೇ ಹಿಂದಕ್ಕೆ ಬಿಡಬೇಕು. ಎದೆಗೆ ತಂದುಕೊಳ್ಳಬೇಕು. ಚೆಂಡು ಬಂದು ಎದೆಯಲ್ಲಿ ಕೂತಿತು. ನಾನು ಹುಲ್ಲಿನ ಮೇಲೆ ಧಡಾರೆಂದು ಬಿದ್ದೆ. ಬಿದ್ದಲ್ಲೇ ಆಕಾಶ ನೋಡುತ್ತ ಮಲಗಿದಾಗ ಮೈಸೂರಿನ ಆ ವ್ಯಾನು ಕಣ್ಣಿಗೆ ಬಂತು. ಹನ್ನೆರಡು ವರ್ಷದ ಹುಡುಗ ಮನಸ್ಸಿಗೆ ಬಂದ ಹಾಗೆ ಎಸೆಯುತ್ತಿದ್ದಾನೆ. ಬನಿಯನ್ ತೊಟ್ಟ ಮನುಷ್ಯ ಅತ್ತ ಹಾರಿ ಇತ್ತ ಹಾರಿ, ಬಗ್ಗಿ, ಎಗರಿ, ಒಂದೊಂದನ್ನೂ ಹಿಡಿಯುತ್ತಿದ್ದಾನೆ. ಒಂದೂ ಬೀಳಿಸದವರು ಅಪ್ಪ. ಚಿರೋಟಿ ತಿಂದವನು ನಾನು. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು, ಇನ್ನು ಹೇಳುವುದು ಯಾರಿಗೆ?

ಆ ಸಲ ಎರಡೇ ಪಾಯಿಂಟಿಗೆ ನಾವು ಸೋತೆವು. ಮಧ್ಯಾಹ್ನ ಕುಲಕರ್ಣಿಯ ಮನೆಯಲ್ಲಿ ಬಿಸಿಬೇಳೆಬಾತು, ಜೋಳದ ರೊಟ್ಟಿ, ಎಣ್ಣೆಗಾಯಿ ಊಟ ಮುಗಿದ ಮೇಲೆ ಸಿಂಕಿನ ಮುಂದೆ ನಿಧಿ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. ಊಟದ ಮೇಜಿನ ಹತ್ತಿರ ಕುಲಕರ್ಣಿ ಕೆಂಪು ಪುಸ್ತಕ ಬಿಚ್ಚಿಕೊಂಡು ಕೂತಿದ್ದ.

“ರೀ ಕುಲಕರ್ಣಿ, ಹಳೇ ವರ್ಷಗಳಿಗೂ ಆ ಕಾಲಮ್ ಹಾಕಿದ್ರೆ ನಿಧಿದು ಎಷ್ಟಾಗುತ್ತೆ? ಕೈಗೆ ಸಿಕ್ಕಿ ಬೀಳ್ಸಿದ್ದು?”

ಅವನು ಕನ್ನಡಕ ಏರಿಸಿ ಒಂದೊಂದೇ ಪುಟ ತಿರುವಿದ. ತಾನು ಕುರ್ಚಿಯಲ್ಲಿ ಕೂತು ನೋಡಿದ ಪ್ರತಿ ಎಸೆತವೂ ಅವನ ತಲೆಯಲ್ಲಿ ಇರುತ್ತದೆ. ಕೊನೆಗೆ, “ನೀ ದಿಕ್ಕಿಲ್ಲದಂಗ ಒಗದದ್ದು ಬ್ಯಾರೆ ಮಾತು. ಕೈಗೆ ಸಿಕ್ಕಿದ್ದು ಒಂದೂ ಬಿಟ್ಟಿಲ್ಲ ನೋಡು ಈ ಹುಡುಗಿ” ಎಂದ.

ನಾನು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹಾಲಿಗೆ ಹೋದೆ. ಟಿವಿಯಲ್ಲಿ ದೊಡ್ಡ ಪಂದ್ಯ ನಡೆಯುತ್ತಿತ್ತು. ಎಂಟು ಮನೆಯ ಜನ, ಮಕ್ಕಳು ಎಲ್ಲ ಅದರ ಮುಂದೆ ಇದ್ದರು. ಅಡ್ಡ ನಿಂತು, “ನೋಡಿ, ಐದು ವರ್ಷ ನಾನು ಬೇಕಾಬಿಟ್ಟಿ ಎಸ್ದೆ. ನಮ್ ನಿಧಿ ಒಂದೂ ಬೀಳಿಸ್ಲಿಲ್ಲ” ಎಂದೆ. ವಸುಧಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಮಿಕ್ಕವರು, “ಸೂರಿ ಸಾರ್, ಸ್ವಲ್ಪ ಪಕ್ಕಕ್ಕೆ, ಸ್ಕ್ರೀನ್ ಕಾಣ್ತಿಲ್ಲ” ಎಂದರು.

ವಾಪಸು ಬಂದೆ. ನಿಧಿ ಬೆನ್ನು ತಿರುಗಿಸಿಯೇ ಕುಕ್ಕರ್ ಉಜ್ಜುತ್ತಿದ್ದಳು. ಎಲ್ಲವೂ ಕೇಳಿಸಿತ್ತು, ಕಿವಿ ಕೆಂಪಾಗಿತ್ತು. ತೊಳೆದ ತಟ್ಟೆಯೊಂದನ್ನು ನನ್ನ ಕಡೆ ಚಾಚಿ, ನಾನು ಹಿಡಿದ ಮೇಲೂ ಒಂದು ಕ್ಷಣ ಬಿಡಲಿಲ್ಲ.

“ನೆಕ್ಸ್ಟ್ ಇಯರೂ ನೀನು ರಿಸೀವ್ ಮಾಡ್ಬೇಕು ಅಪ್ಪಾ. ಟೂ ಥ್ರೋಸ್, ಒನ್ ಕ್ಯಾಚ್. ಫಸ್ಟ್ ಇಯರ್‌ಗೆ ಅದು ಓಕೆ,” ಎಂದಳು. “ಯು ವಿಲ್ ಇಂಪ್ರೂವ್.”

ಅದಕ್ಕೇ ಹೋದ ಶನಿವಾರ ಚೆಂಡನ್ನು ಟ್ರ್ಯಾಶ್‌ಗೆ ಹಾಕದೆ, ಪಂಪು ಸಿಕ್ಕ ಮೇಲೆ ಗಾಳಿ ಹೊಡೆದೆ. ವಸುಧಾಳನ್ನು ಹಿತ್ತಲಿಗೆ ಕರೆದು, “ಎಸಿ ನೋಡೋಣ” ಎಂದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಸೆದಳು. ಬಿತ್ತು. ಟ್ರಯಲ್ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡು, ಗರಾಜಿಗೆ ಹೋಗಿ, ಮಗಳ ಎತ್ತರದ ಗೆರೆಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದು ಬಂದೆ: ‘ಸೂರಿ, ಬೀಳಿಸಿದ್ದು ಒಂದು.’